ಮತ್ತೆ ಕಲ್ಲಿಗೇ?

ಚಿತ್ರದುರ್ಗದಲ್ಲಿದ್ದುಕೊಂಡು ಶಿಲೆಗಳ ಪಾಠವನ್ನು ಪುಸ್ತಕ ನೋಡಿ ಮಾಡುವುದೆಂದರೆ ಅಡಿಗೆಮನೆಯಲ್ಲಿ ಕೂತು ಸಾರಿನ ಚಿತ್ರ ನೋಡಿದ ಹಾಗೆ. ಕಿಟಕಿ ತೆರೆದರೆ ಕೋಟೆಯ ಬೆಟ್ಟ. ಅದರ ಕಲ್ಲಿಗೆ ಸುಮಾರು 260 ಕೋಟಿ ವರ್ಷ ವಯಸ್ಸು. ಜಿಲ್ಲೆಯ ಮರಡಿಹಳ್ಳಿಯಲ್ಲಿ ಎಂದೋ ನೀರಿನೊಳಗೆ ಉಕ್ಕಿದ ಲಾವಾರಸ ತಣ್ಣಗಾಗಿ ದಿಂಬು ದಿಂಬಾಗಿ ಕಲ್ಲಾಗಿದೆ. ದೇಶದ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು. ನಮ್ಮ ಯಜಮಾನರು ಮಾತ್ರ, "ದಿಂಬು ನೋಡೋಕೆ ಬಸ್ ಹತ್ತಬೇಕೇನೇ?" ಎಂದು ಇವತ್ತಿಗೂ ಬಂದಿಲ್ಲ.

ನಾನು ಬಿ.ಎ., ಬಿ.ಎಡ್. ಓದಿದ ಸಮಾಜ ವಿಜ್ಞಾನದ ಟೀಚರು. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಬೋರ್ಡಿನ ಮೇಲೆ ಬರೆದರೆ ನನ್ನ ವಿದ್ಯೆ ಮುಗಿಯಿತು. ಕಲ್ಲಿನ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲ ಮಕ್ಕಳು ಪ್ರತಿ ವರ್ಷ ಇಬ್ಬರು ಮೂವರಾದರೂ ತರಗತಿಯಲ್ಲಿ ಇರುತ್ತಾರೆ, ಹಿಂದಿನ ಬೆಂಚಿನಲ್ಲಿ. ಕ್ವಾರಿಯಲ್ಲಿ ಕಲ್ಲು ಒಡೆಯುವವರ ಮಕ್ಕಳು. ಅಂಥ ಒಬ್ಬ ಹುಡುಗಿ ಬಂಡೆಯನ್ನು ತಟ್ಟಿ, ಬಂದ ಸದ್ದಿನಿಂದಲೇ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಪಾಸಾದಾಗ, ಬಿ.ಎಸ್ಸಿ.ಗೆ ಜಿಯಾಲಜಿ ತೆಗೆದುಕೋ ಎಂದು ಹೇಳಲು ಅವಳ ಮನೆಗೇ ಹೋದೆ.

ಅವಳ ತಾಯಿ ಮಣೆ ಹಾಕಿ ಕೂರಿಸಿ, ಟೀ ಕೊಟ್ಟು, ಆಮೇಲೆ ಮೆಲ್ಲಗೆ ಹೇಳಿದಳು: "ನಮ್ ಕಷ್ಟ ಇವಳಿಗೆ ಬ್ಯಾಡ ಅಂತ ಓದಿಸ್ತಿದೀವಿ ಟೀಚರಮ್ಮ. ನೀವು ನೋಡಿದ್ರೆ ಮತ್ತೆ ಕಲ್ಲಿಗೇ ಕಳಿಸು ಅಂತೀರಿ."

ಒಳಗೆ ಆಕೆಯ ಗಂಡ ಕೆಮ್ಮುತ್ತಿದ್ದ. ಎಷ್ಟೋ ವರ್ಷ ಕಲ್ಲಿನ ಧೂಳು ಕುಡಿದ ಎದೆ ಅದು. ಆ ಕೆಮ್ಮಿನ ಎದುರು ನನ್ನ 260 ಕೋಟಿ ವರ್ಷದ ಕಥೆ ಹೇಗೆ ಹೇಳಲಿ, ನೀವೇ ಹೇಳಿ.

ಬಡವರ ಮಕ್ಕಳು, ದಲಿತರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಇಂಥ ವಿಷಯಗಳಿಗೆ ಬರುವುದೇ ಇಲ್ಲ ಎಂದು ಓದಿದವರು ಗೊಣಗುವುದನ್ನು ಕೇಳಿದ್ದೇನೆ. ಮೀಸಲಾತಿ ಇದೆ, ವಿದ್ಯಾರ್ಥಿವೇತನ ಇದೆ, ಇನ್ನೇನು ಬೇಕು ಎನ್ನುತ್ತಾರೆ. ಬನ್ನಿ ಎಂದು ಕರೆದವರು ಯಾರು? ಈ ಮನೆಗಳವರು ಕಂಡಿರುವುದು ಸುತ್ತಿಗೆ ಹಿಡಿದು ಕೂಲಿ ಪಡೆಯುವವರನ್ನು. ಸುತ್ತಿಗೆ ಹಿಡಿದು ಸಂಬಳ ಪಡೆಯುವ ಹೆಂಗಸನ್ನು ಎಲ್ಲಿ ನೋಡಬೇಕು?

ಅಂಥವರು ಇದ್ದಾರೆ. ಅಮೆರಿಕದ ಮಾರ್ಗರೀಟ್ ಥಾಮಸ್ ವಿಲಿಯಮ್ಸ್ ಮೊದಲು ವಾಷಿಂಗ್ಟನ್ನಿನ ಪ್ರಾಥಮಿಕ ಶಾಲೆಯೊಂದರ ಟೀಚರು. (ನಮ್ಮವಳೇ ಅನಿಸಿ ನನಗೆ ಬಹಳ ಹಿಗ್ಗು!) ಅನಕೋಸ್ಟಿಯಾ ನದಿಯ ಸುತ್ತಲಿನ ಮಣ್ಣು ಕೊಚ್ಚಿಹೋಗುವುದರಲ್ಲಿ ಮನುಷ್ಯನ ಪಾಲೆಷ್ಟು ಎಂದು ಅಧ್ಯಯನ ಮಾಡಿ, 1942ರಲ್ಲಿ ಭೂವಿಜ್ಞಾನದ ಡಾಕ್ಟರೇಟ್ ಪಡೆದರು. ಕಪ್ಪು ಜನರಲ್ಲಿ ಆ ಪದವಿ ಪಡೆದ ಮೊದಲಿಗರು ಅವರೇ. ನಮ್ಮ ಸುದೀಪ್ತಾ ಸೇನ್‌ಗುಪ್ತಾ ಕಲ್ಲು ಓದಲು 1983ರಲ್ಲಿ ಅಂಟಾರ್ಕ್ಟಿಕಾಕ್ಕೇ ಹೊರಟರು. ಜೊತೆಗೆ ಸಾಗರವಿಜ್ಞಾನಿ ಅದಿತಿ ಪಂತ್. ಆ ಹಿಮದ ನೆಲಕ್ಕೆ ಹೋದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು ಇವರಿಬ್ಬರು. ಅವರು ಅಷ್ಟು ದೂರ ಹೋಗಿಬಂದರೂ ಇಲ್ಲಿ ಹೆಂಗಸರು ಗಣಿಯ ಒಳಗೆ ಇಳಿದು ಕೆಲಸ ಮಾಡುವಂತಿರಲಿಲ್ಲ. 1952ರ ಗಣಿ ಕಾಯಿದೆ ಅಡ್ಡ ನಿಂತಿತ್ತು. ಹಗಲು ಹೊತ್ತಿನ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಸರ್ಕಾರ ಆ ಕಟ್ಟನ್ನು ಸಡಿಲಿಸಿದ್ದು 2019ರಲ್ಲಿ!

ಎರಡನೆಯ ಸಲ ಹೋದಾಗ ನಾನು ಅಂಟಾರ್ಕ್ಟಿಕಾದ ಸುದ್ದಿ ಎತ್ತಲಿಲ್ಲ, ನೀರಿನ ಸುದ್ದಿ ಎತ್ತಿದೆ. ಅವರ ಬೀದಿಯಲ್ಲಿ ಕೊರೆಸಿದ ಎರಡು ಬೋರ್‌ವೆಲ್ ಒಣಗಿದ್ದವು. ಜಾಗ ತೋರಿಸಿದ್ದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡಿದ ಒಬ್ಬ ಮಹಾನುಭಾವ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ, ಹಲ್ಲು ಹಳದಿಯಾಗಿಸುವ ಫ್ಲೋರೈಡ್ ನೀರಿಗೆ ಸೇರುವುದೂ ಕಲ್ಲಿನಿಂದಲೇ, ಇದನ್ನೆಲ್ಲ ಅಳೆದು ಹೇಳುವುದೇ ಆ ಓದು ಎಂದೆ. ಎಂ.ಎಸ್ಸಿ. ಮಾಡಿದರೆ ಯು.ಪಿ.ಎಸ್.ಸಿ.ಯವರ ಪರೀಕ್ಷೆ ಬರೆಯಬಹುದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಕೇಂದ್ರ ಅಂತರ್ಜಲ ಮಂಡಳಿಗಳಲ್ಲಿ ಅಧಿಕಾರಿಯೇ ಆಗಬಹುದು ಎಂದೂ ಹೇಳಿದೆ. ತಾಯಿಯ ಪ್ರಶ್ನೆಗಳು ಬೇರೆಯೇ ಇದ್ದವು. ಹೊರಗೆ ಕಲ್ಲು ನೋಡಲು ಕರೆದುಕೊಂಡು ಹೋದಾಗ ರಾತ್ರಿ ಎಲ್ಲಿ ಮಲಗಿಸುತ್ತಾರೆ? ಜೊತೆಗೆ ಹೆಣ್ಣು ಮೇಡಂ ಇರುತ್ತಾರಾ? ಬಯಲಿನಲ್ಲಿ ಹುಡುಗಿಯರು ಒಂದಕ್ಕೆ ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ, ಕಾಲೇಜಿನವರು ಮೊದಲು ಉತ್ತರ ಕೊಡಬೇಕಾದದ್ದು ಇವಕ್ಕೇ. ಮಾರನೆಯ ದಿನ ನಾನೇ ಕಾಲೇಜಿಗೆ ಹೋಗಿ ಒಂದೊಂದನ್ನೂ ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಅಲ್ಲಿಯ ಮೇಷ್ಟ್ರಿಗೆ ಮೊದಲು ಮುಜುಗರ, ಆಮೇಲೆ ನಗು. ಮಹಿಳಾ ಉಪನ್ಯಾಸಕಿ ಇಲ್ಲದೆ ಹುಡುಗಿಯರನ್ನು ಹೊರಡಿಸುವುದಿಲ್ಲ ಎಂದು ಬರೆದು ಸಹಿ ಹಾಕಿದರು.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಧೂಳು ಇರ್ತದಾ?"

ಇರುತ್ತದೆ, ಆದರೆ ನಿಮ್ಮ ಹಾಗೆ ಬೆಳಗಿಂದ ಸಂಜೆಯವರೆಗೆ ಅದರೊಳಗೇ ಕೂರುವುದಲ್ಲ ಎಂದೆ. ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಆತ ಬಹಳ ಹೊತ್ತು ಮಗಳನ್ನೇ ನೋಡಿದ. "ಅವಳೇ ಹೇಳಲಿ" ಅಂದ. ಅವಳು ಹೇಳಿದಳು.

ಈಗ ಎರಡನೆಯ ವರ್ಷ. ಹಾಸ್ಟೆಲಿನಿಂದ ಮೊನ್ನೆ ರಜೆಗೆ ಬಂದವಳು ಭೂವಿಜ್ಞಾನಿಗಳ ಸಣ್ಣ ಸುತ್ತಿಗೆಯೊಂದನ್ನು ತಂದಿದ್ದಳಂತೆ. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದರಲ್ಲಿ ಕಾಯಿನೂ ಒಡೆಯೋಕಾಗಲ್ಲ" ಎಂದು ನಕ್ಕನಂತೆ.