ಎರಡು ನುಡಿ, ಒಂದು ಬಾವಿ

ಭಾಷೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವ ಶಾಸ್ತ್ರಕ್ಕೆ ತೌಲನಿಕ ಭಾಷಾಶಾಸ್ತ್ರವೆಂದು ಹೆಸರು. ಹೆಸರು ಕೇಳಿದೊಡನೆ ಹೆದರಿ ಪುಟ ಮಗುಚಬಾರದೆಂದು ವಾಚಕರಲ್ಲಿ ನನ್ನ ವಿನಂತಿ. ಆ ಶಾಸ್ತ್ರಕ್ಕೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಕುಲಶೇಖರದಲ್ಲಿ ರಸ್ತೆಯ ಬದಿಯಲ್ಲಿಯೇ ದೊರೆಯುತ್ತದೆ. ಮೊದಲಿಗೆ ಊರಿಗೇ ಎರಡು ಹೆಸರು. ಬಸ್ಸಿನ ಬೋರ್ಡಿನಲ್ಲಿ ಅದು ಕುಲಶೇಖರ. ನಮ್ಮ ನೆರೆಮನೆಯವರ ಬಾಯಲ್ಲಿ ಕೊರ್ಡೆಲ್. ಇಲ್ಲಿ 1873ರಲ್ಲಿ ಸ್ಥಾಪನೆಯಾದ ಹೋಲಿ ಕ್ರಾಸ್ ಇಗರ್ಜಿಯಿದೆ, ವೀರನಾರಾಯಣ ದೇವಸ್ಥಾನವಿದೆ. ನಾವು ಮನೆಯಲ್ಲಿ ತುಳು ಆಡುವವರು. ಕಂಪೌಂಡು ಗೋಡೆಯ ಆಚೆಗೆ ಕೊಂಕಣಿ. ಗೋಡೆಯ ಎತ್ತರ ನಾಲ್ಕು ಅಡಿ. ಆದರೆ ಭಾಷಾಶಾಸ್ತ್ರಜ್ಞರ ಲೆಕ್ಕದಲ್ಲಿ ಈಚೆಯದು ದ್ರಾವಿಡ ಕುಲ, ಆಚೆಯದು ಇಂಡೋ-ಯುರೋಪಿಯನ್ ಕುಲ. ಈ ದೂರ ಎಷ್ಟೆಂಬುದನ್ನು ಎಣಿಕೆಯಿಂದಲೇ ತಿಳಿಯಬಹುದು.

ನಮ್ಮಮ್ಮ 'ಏಳ್' ಎಂದು ಎಣಿಸುವಲ್ಲಿ ನೆರೆಮನೆಯ ಬಾಯಮ್ಮ 'ಸಾತ್' ಎನ್ನುತ್ತಾರೆ. ಇಟಲಿಯವರು 'ಸೆತ್ತೆ' ಎನ್ನುತ್ತಾರೆ, ಸರ್ಬಿಯದವರು 'ಸೆದಮ್' ಎನ್ನುತ್ತಾರೆ. ಮೂರಕ್ಕೆ ನಮ್ಮಲ್ಲಿ 'ಮೂಜಿ'; ಕೊಂಕಣಿಯಲ್ಲಿ 'ತೀನ್', ಇಟಾಲಿಯನ್ನಿನಲ್ಲಿ 'ತ್ರೆ', ಸರ್ಬಿಯನ್ನಿನಲ್ಲಿ 'ತ್ರಿ'. ಹತ್ತಕ್ಕೆ ನಮ್ಮಲ್ಲಿ 'ಪತ್ತ್'. ಉಳಿದ ಮೂವರಲ್ಲಿ ಕ್ರಮವಾಗಿ 'ಧಾ', 'ದಿಯೆಚಿ', 'ದೆಸೆತ್'. ಸಂಸ್ಕೃತದ ಸಪ್ತ, ತ್ರಿ, ದಶಗಳನ್ನು ಬಲ್ಲವರಿಗೆ ಈ ನಂಟು ಕೂಡಲೇ ಹೊಳೆಯುತ್ತದೆ. ಎಂದರೆ, ದಿನವೂ ನಮ್ಮ ಅಂಗಳದಲ್ಲಿ ನಿಂತು ಮಾತನಾಡುವ ಬಾಯಮ್ಮನ ಏಳು ನಮ್ಮಮ್ಮನ ಏಳಿಗಿಂತ ರೋಮಿನ ಏಳಿಗೂ ಬೆಲ್‌ಗ್ರೇಡಿನ ಏಳಿಗೂ ಹತ್ತಿರದ ಸಂಬಂಧಿ! ಇದನ್ನು ತಿಳಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನು ಲಿಂಗದ ವಿಷಯ. ಕನ್ನಡದಲ್ಲಿಯೂ ತುಳುವಿನಲ್ಲಿಯೂ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮರ, ಮನೆ, ದಾರಿ ಇವೆಲ್ಲ ನಪುಂಸಕ. ಕೊಂಕಣಿಯಲ್ಲಿ ಹಾಗಲ್ಲ. 'ರೂಕ್' ಎಂಬ ಮರ ಗಂಡು, 'ವಾಟ್' ಎಂಬ ದಾರಿ ಹೆಣ್ಣು, 'ಘರ್' ಎಂಬ ಮನೆ ನಪುಂಸಕ. ಆದ್ದರಿಂದ ಬರೊ ರೂಕ್, ಬರಿ ವಾಟ್, ಬರೆಂ ಘರ್ ಎಂದು 'ಒಳ್ಳೆಯ' ಎಂಬ ಒಂದೇ ಮಾತು ಮೂರು ವೇಷ ಹಾಕಬೇಕು. ಸರ್ಬಿಯನ್ನಿನಲ್ಲಿಯೂ ಮೂರು ಲಿಂಗಗಳಿವೆ. ಇಟಾಲಿಯನ್ ಮಾತ್ರ ಲ್ಯಾಟಿನ್ನಿನಿಂದ ಬಂದ ಮೂರರಲ್ಲಿ ನಪುಂಸಕವನ್ನು ಕೈಬಿಟ್ಟು ಎರಡರಲ್ಲಿ ಸಂಸಾರ ನಡೆಸುತ್ತದೆ.

ಈ ವ್ಯಾಕರಣದಿಂದ ನನಗೊಂದು ಸ್ವಂತ ತೊಡಕೂ ಉಂಟಾಗಿದೆ. ಕೊಂಕಣಿಯಲ್ಲಿ ಎಳೆಯ ಹುಡುಗಿಯರನ್ನು ನಪುಂಸಕದಲ್ಲಿ ಹೇಳುವ ವಾಡಿಕೆ. 'ಚೆಡುಂ', ಅಂದರೆ ಹುಡುಗಿ, ಎಂಬ ಶಬ್ದವೇ ನಪುಂಸಕ. ನಾನು ಮನೆಯಲ್ಲಿಲ್ಲದಾಗ ಯಾರಾದರೂ ನನ್ನನ್ನು ಕೇಳಿದರೆ ಬಾಯಮ್ಮ "ತೆಂ ಕಾಲೆಜಿಕ್ ಗೆಲಾಂ" ಎನ್ನುತ್ತಾರೆ. ನಮ್ಮಮ್ಮನ ತುಳುವಿನಲ್ಲಿ ನಾನು ಹುಟ್ಟಿದಂದಿನಿಂದಲೇ 'ಆಳ್', ಹೆಣ್ಣು. ಬಾಯಮ್ಮನ ಕೊಂಕಣಿಯಲ್ಲಿ ದೊಡ್ಡ ಹೆಂಗಸರಂತೆ 'ತಿ' ಆಗಲು ಇನ್ನೂ ಕಾಯಬೇಕು. ಬಿ.ಎ. ಮುಗಿದೊಡನೆ ಆ ಬಡ್ತಿಯನ್ನು ಕೊಡಿಸಿಬಿಡಬೇಕೆಂದು ನಮ್ಮ ಬಂಧುಗಳು ಈಗಲೇ ಜಾತಕ ಕೇಳತೊಡಗಿದ್ದಾರೆ. ನನಗಾದರೋ ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಕುಲ ಬೇರೆಯಾದರೇನು, ನೆರೆಯಲ್ಲಿ ಬಾಳಿದವರಿಗೆ ನಡೆ ಒಂದಾಗಬಹುದು. 'ನಾನು ಮನೆಗೆ ಹೋಗುತ್ತೇನೆ' ಎಂಬುದು ತುಳುವಿನಲ್ಲಿ 'ಯಾನ್ ಇಲ್ಲಡೆ ಪೋಪೆ', ಕೊಂಕಣಿಯಲ್ಲಿ 'ಹಾಂವ್ ಘರಾ ವೆತಾಂ'. ಮೂರರಲ್ಲಿಯೂ ಕ್ರಿಯಾಪದ ಕೊನೆಗೇ. ಇಟಾಲಿಯನ್ನಿನವರು 'ವಾದೊ ಆ ಕಾಸಾ' ಎಂದೂ ಸರ್ಬಿಯನ್ನಿನವರು 'ಇದೆಮ್ ಕುಚಿ' ಎಂದೂ ಮೊದಲು ಹೊರಟುಬಿಟ್ಟು ಆಮೇಲೆ ಮನೆಯನ್ನು ನೆನೆಯುತ್ತಾರೆ. ಶಬ್ದದಲ್ಲಿ ಬಾಯಮ್ಮ ಯುರೋಪಿನವರ ದಾಯಾದಿ, ವಾಕ್ಯದಲ್ಲಿ ನಮ್ಮವರೇ.

ಇಟಲಿ, ಸರ್ಬಿಯಗಳ ನುಡಿಗಳಿಗೂ ಇಂಥದೇ ನೆರೆಹೊರೆಯ ಕಥೆಯುಂಟು. ಒಂದು ಲ್ಯಾಟಿನ್ನಿನ ಮಗಳು, ಇನ್ನೊಂದು ಸ್ಲಾವ್ ಮನೆತನದ್ದು. ಸ್ಲಾವ್ ಜನರ ಹೆಸರಿನಿಂದಲೇ ಮಧ್ಯಯುಗದ ಲ್ಯಾಟಿನ್ನಿನಲ್ಲಿ ಗುಲಾಮನೆಂಬ ಶಬ್ದ ಹುಟ್ಟಿತು. ವೆನಿಸ್ಸಿನವರು ವಿನಯಕ್ಕಾಗಿ 'ನಿಮ್ಮ ಗುಲಾಮ' ಎಂದು ವಂದಿಸುತ್ತಿದ್ದುದು ಸವೆದು ಸವೆದು 'ಚಾವ್' ಆಯಿತು. ಇಂದು ಆ 'ಚಾವ್' ಬೆಲ್‌ಗ್ರೇಡಿನ ತರುಣರ ಬಾಯಲ್ಲಿಯೂ ಇದೆ. ಅವಮಾನವಾಗಿ ಹೊರಟ ಹೆಸರು ಕುಶಲಪ್ರಶ್ನೆಯಾಗಿ ಮನೆಗೆ ಮರಳಿತು. ಲಿಪಿಯಲ್ಲಿಯೂ ಹೋಲಿಕೆಯುಂಟು. ಸರ್ಬಿಯನ್ನನ್ನು ಸಿರಿಲಿಕ್, ಲ್ಯಾಟಿನ್ ಎರಡರಲ್ಲಿಯೂ ಬರೆಯುವಂತೆ ಕೊಂಕಣಿಯನ್ನು ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿಯೂ ಗೋವೆಯಲ್ಲಿ ದೇವನಾಗರಿ, ರೋಮನ್ ಲಿಪಿಗಳಲ್ಲಿಯೂ ಬರೆಯುತ್ತಾರೆ.

ಇಟಲಿಗೂ ನಮ್ಮೂರಿಗೂ ನೇರವಾದ ಸಂಬಂಧವೂ ಇದೆ. 1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಸಂಘದ ಆಂಜೆಲೊ ಮಫೆಯಿ ಎಂಬವರು ಕೊಂಕಣಿಯನ್ನು ಕಲಿತು 1882ರಲ್ಲಿ ಅದರ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ವ್ಯಾಕರಣವನ್ನು ಅಚ್ಚು ಹಾಕಿದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ. ತುಳುವಿಗೆ ಬಾಸೆಲ್ ಮಿಶನ್ನಿನ ಬ್ರಿಗೆಲ್ ಅವರು 1872ರಲ್ಲಿ ವ್ಯಾಕರಣವನ್ನೂ ಮ್ಯಾನರ್ ಅವರು 1886ರಲ್ಲಿ ನಿಘಂಟನ್ನೂ ಕೊಟ್ಟರು. ಸಾವಿರಾರು ಮೈಲಿಗಳಾಚೆಯಿಂದ ಬಂದವರು ನಮ್ಮ ಅಂಗಳದ ಮಾತನ್ನು ಪುಸ್ತಕಕ್ಕೆ ಯೋಗ್ಯವೆಂದು ಬಗೆದರು. ನಾವೇಕೆ ಬಗೆಯಬಾರದು?

ಈ ಪ್ರಶ್ನೆ ನನಗೆ ಬರಿಯ ತರ್ಕದ ಪ್ರಶ್ನೆಯಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಅಮ್ಮ ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ತುಳು, ಬಾಯಮ್ಮನೊಡನೆ ಕೊಂಕಣಿ, ಬೀಡಿಯ ಬ್ರಾಂಚಿನಲ್ಲಿ ಕನ್ನಡ, ಮೀನು ತರುವವರೊಡನೆ ಬ್ಯಾರಿ: ಒಂದೇ ಹಗಲಿನಲ್ಲಿ ನಾಲ್ಕು ಭಾಷೆಗಳು, ಒಂದರ ಲಿಂಗ ಇನ್ನೊಂದರಲ್ಲಿ ಬೆರೆಯದಂತೆ! ಆದರೆ ಪ್ರತಿವರ್ಷವೂ ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ತಾಯಿಯ ವಿದ್ಯಾರ್ಹತೆ' ಎಂಬಲ್ಲಿ ನಾನು 'ಇಲ್ಲ' ಎಂದೇ ಬರೆಯಬೇಕು. ಅರ್ಜಿಯ ನಿಯಮ ಹಾಗಿದೆ, ಬರೆಯುತ್ತೇನೆ. ಆದರೆ ಆ 'ಇಲ್ಲ' ಎಂಬ ಎರಡಕ್ಷರ ಬರೆಯುವಾಗ ಕೈ ಭಾರವಾಗುತ್ತದೆ. ಮನೆಯ ಭಾಷೆಗಳಲ್ಲಿಯೂ ಹೀಗೆಯೇ ಮೇಲು ಕೀಳು. 2011ರ ಜನಗಣತಿಯಲ್ಲಿ ಕೊಂಕಣಿಯನ್ನು ತಾಯ್ನುಡಿಯೆಂದವರು 22,56,502 ಮಂದಿ, ತುಳುವನ್ನು ಹೇಳಿದವರು 18,46,427 ಮಂದಿ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ತುಳು ಬಾಗಿಲ ಬಳಿ ನಿಂತಿದೆ. ಇತ್ತ ಒಳಗೆ ಹೋದ ಕೊಂಕಣಿಯ ಮನೆಯಲ್ಲಿ ಬಾಯಮ್ಮನ ಮೊಮ್ಮಕ್ಕಳು ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಅನುಸೂಚಿಯೊಂದರಿಂದಲೇ ಭಾಷೆ ಉಳಿಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಗೊಂದು ಮಾತು. ತುಳುವಿನಲ್ಲಿ 'ನಾವು' ಎಂಬುದಕ್ಕೆ ಎರಡು ಶಬ್ದಗಳಿವೆ. ಕೇಳುವವನನ್ನು ಹೊರಗಿಟ್ಟು ಹೇಳುವುದು 'ಎಂಕುಲು', ಒಳಗೆ ಸೇರಿಸಿ ಹೇಳುವುದು 'ನಮ'. ಇಟಾಲಿಯನ್ನಿನ 'ನೊಯಿ', ಸರ್ಬಿಯನ್ನಿನ 'ಮಿ', ಕೊಂಕಣಿಯ 'ಆಮಿ', ಇಂದಿನ ಕನ್ನಡದ 'ನಾವು' ಇವುಗಳಲ್ಲಿ ಈ ಭೇದವಿಲ್ಲ. ಬೇಸಗೆಯಲ್ಲಿ ನೆರೆಮನೆಯ ಬಾವಿ ಬತ್ತುತ್ತದೆ. ಬಾಯಮ್ಮ ಕೊಡ ಹಿಡಿದು ಬಂದು ಸಂಕೋಚದಿಂದ ನಿಂತರೆ ಅಮ್ಮ "ನಮ್ಮ ಗುವೆಲ್ ಅತ್ತಾ?" ಎನ್ನುತ್ತಾರೆ. ಬಾವಿ ಇರುವುದು ನಮ್ಮ ಅಂಗಳದಲ್ಲಿ. 'ಎಂಕ್ಲೆನ' ಎಂದರೂ ವ್ಯಾಕರಣ ತಪ್ಪಲ್ಲ, ಕಂದಾಯದ ಲೆಕ್ಕಕ್ಕಂತೂ ಅದೇ ಸರಿ. ಆದರೆ ಅಮ್ಮ ಒಂದು ಸರ್ವನಾಮದಿಂದ ಬಾಯಮ್ಮನನ್ನು ಬಾವಿಯ ಒಡತಿಯನ್ನಾಗಿ ಮಾಡುತ್ತಾರೆ. ಇಷ್ಟು ಸುಲಭವಾಗಿ ಇದನ್ನು ಹೇಳಲು ನನಗೆ ತಿಳಿದ ಬೇರೆ ಭಾಷೆಗಳಲ್ಲಿ ಸಾಧ್ಯವಿಲ್ಲ.

ಎಂ.ಎ. ಓದಿ ಏನು ಮಾಡುತ್ತೀಯೆಂದು ಕೇಳುವ ಬಂಧುಗಳಿಗೆ ನನ್ನ ಉತ್ತರ ಇದೇ: ಅಮ್ಮನಿಗೆ ಗೊತ್ತಿರುವುದನ್ನು ನಾನು ಬರೆದಿಡುತ್ತೇನೆ.