ಎಡಗಡೆಯ ಕದ

ನೀಲಗುಂದದವರಿಗೆ ಬಾಗಿಲಿನ ವಿಷಯದಲ್ಲಿ ಹೆಮ್ಮೆಪಡುವ ಹಕ್ಕುಂಟು. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯ ಆ ಊರಿನಲ್ಲಿದೆ. ನೋಡಲು ಬಂದವರ ಕಣ್ಣು ಬಾಗಿಲವಾಡದ ಕೆತ್ತನೆಯ ಮೇಲೆ ನಿಲ್ಲುತ್ತದೆ. ಕಾಲು ತಾನಾಗಿಯೇ ಹೊಸ್ತಿಲನ್ನು ದಾಟುತ್ತದೆ. ದಾಟಿದ್ದು ಅವರಿಗೆ ತಿಳಿಯುವುದೇ ಇಲ್ಲ. ಆದರೆ ಎಲ್ಲಿ ಹೋದರೂ ಮೊದಲು ಹೊಸ್ತಿಲಿನ ಎತ್ತರವನ್ನೇ ಕಣ್ಣಳತೆಯಲ್ಲಿ ಅಳೆಯುವ ಹುಡುಗಿಯೊಬ್ಬಳು ಆ ಊರಿನಲ್ಲಿ ಬೆಳೆದಳು.

ಎಳೆತನದಲ್ಲಿಯೇ ಅವಳ ಕಾಲುಗಳ ಶಕ್ತಿ ಉಡುಗಿತ್ತು. ಗಾಲಿಕುರ್ಚಿ ಮನೆಗೆ ಬಂದ ದಿನ ಅಪ್ಪ ಬಡಗಿಯನ್ನು ಕರೆಸಿ, ಹೊಸ್ತಿಲಿನ ಎರಡು ಮಗ್ಗುಲಿಗೂ ಇಳಿಜಾರಾಗುವಂತೆ ಬೇವಿನ ಹಲಗೆ ಕೂಡಿಸಿದ. ದಿನವೂ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಡುವ ಅವ್ವನಿಗೆ ಅದು ಸರಿಬರಲಿಲ್ಲ.

"ಹೊಸ್ತಿಲ ಮ್ಯಾಲೆ ಹಲಗಿ ಹಾಕಿದ್ರೆ ಲಕ್ಷ್ಮಿ ಹೆಂಗ ಒಳಗ ಬರ್ತಾಳ?"

"ಮಗಳ ಹಿಂದ ಹಲಗಿ ಹತ್ತಿ ಬರ್ತಾಳ ಬಿಡು" ಎಂದ ಅಪ್ಪ.

ಮರುದಿನದಿಂದ ಹಲಗೆಗೂ ಕುಂಕುಮ ಬಿತ್ತು.

ಹುಡುಗಿ ಓದಿನಲ್ಲಿ ಮುಂದಿದ್ದಳು. ಬಿ.ಎ. ಮುಗಿಸಿ, ಕನ್ನಡ ಎಂ.ಎ. ತರಗತಿಗೆಂದು ದೂರದ ವಿಶ್ವವಿದ್ಯಾನಿಲಯವೊಂದನ್ನು ಸೇರಿದಳು. ಆವರಣ ವಿಶಾಲ, ಮರಗಳ ನೆರಳು ಸೊಗಸು. ವಿಭಾಗದ ಮುಂದೆ ಸಿಮೆಂಟಿನ ಇಳಿಜಾರು ಹಾದಿಯಿತ್ತು, ಪಕ್ಕದಲ್ಲಿ ಹಿಡಿಗಂಬಿಯಿತ್ತು, ಗೋಡೆಯ ಮೇಲೆ ಗಾಲಿಕುರ್ಚಿಯ ನೀಲಿ ಚಿತ್ರವಿತ್ತು. ಅಪ್ಪ ಅದನ್ನು ಕಂಡು ಸಮಾಧಾನದಿಂದ ಊರಿಗೆ ಮರಳಿದ. ಇಳಿಜಾರು ಎಲ್ಲಿಗೆ ಮುಗಿಯುತ್ತದೆಂಬುದನ್ನು ಅವನು ನೋಡಲಿಲ್ಲ.

ಅದು ಮುಗಿಯುತ್ತಿದ್ದುದು ಒಂದು ಜೋಡಿಕದದ ಬಾಗಿಲಿನಲ್ಲಿ. ಬಾಗಿಲು ನಾಲ್ಕು ಅಡಿ ಅಗಲ. ಆದರೆ ಬಲಗಡೆಯ ಕದ ಮಾತ್ರ ತೆರೆಯುತ್ತಿತ್ತು. ಎಡಗಡೆಯದಕ್ಕೆ ನೆತ್ತಿಯ ಮೇಲೆ ಸದಾ ಚಿಲಕ. ಉಳಿದದ್ದು ಎರಡು ಅಡಿಗಿಂತ ಕಡಿಮೆ. ಗಾಲಿಕುರ್ಚಿಗೆ ಬೇಕಾದದ್ದು ಅದಕ್ಕಿಂತ ಒಂದು ಗೇಣು ಹೆಚ್ಚು. ನಮ್ಮ ಕಚೇರಿಗಳಲ್ಲಿ ಜೋಡಿಕದದ ಒಂದು ಭಾಗವನ್ನು ಏಕೆ ಮುಚ್ಚಿಯೇ ಇಡುತ್ತಾರೆಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ, ಯಾರೂ ಕೈಗೆತ್ತಿಕೊಂಡಂತಿಲ್ಲ.

ಜವಾನ ಒಳ್ಳೆಯ ಮನುಷ್ಯ. "ತಡಿ ತಾಯಿ, ಬಂದೆ" ಎಂದು ಸ್ಟೂಲು ತಂದು, ಹತ್ತಿ, ಚಿಲಕ ತೆಗೆದು, ಅವಳು ಒಳಹೋದ ಮೇಲೆ ಮತ್ತೆ ಹಾಕುತ್ತಿದ್ದ. ಅವನು ಚಹಾ ತರಲು ಹೋದರೆ, ರಜೆ ಹಾಕಿದರೆ, ಅವಳ ಪಾಲಿಗೆ ವಿಭಾಗಕ್ಕೇ ರಜೆ. ಒಂದು ಕಿರುಪರೀಕ್ಷೆಯ ದಿನ ಅವನನ್ನು ಆಡಳಿತ ಕಚೇರಿಗೆ ಕಳುಹಿಸಿದ್ದರು. ಒಳಗೆ ಪ್ರಶ್ನೆಪತ್ರಿಕೆ ಹಂಚುವುದು ಅವಳಿಗೆ ಕಾಣುತ್ತಿತ್ತು. ಹುಡುಗರಿಬ್ಬರು ಹೊರಗೆ ಬಂದು, "ಅಕ್ಕಾ, ಕುರ್ಚಿ ಮಡಚಿ ನಿಮ್ಮನ್ನು ಎತ್ತಿಕೊಂಡು ಹೋಗಲೇ?" ಎಂದರು. ಸಹಾಯದ ಮಾತೇ ಅದು. ಆದರೂ ಇಪ್ಪತ್ತೆರಡರ ಹೆಣ್ಣುಮಗಳು ತರಗತಿಯ ಎದುರಿಗೆ ಮೂಟೆಯಂತೆ ಒಳಗೆ ಹೋಗಲು ಒಪ್ಪಲಿಲ್ಲ. ಅರ್ಧ ಗಂಟೆ ಹೊರಗೇ ಕುಳಿತಳು. ಬಿಟ್ಟ ಪ್ರಶ್ನೆಗಳಿಗೆ ಉತ್ತರ ಅವಳಿಗೆ ಗೊತ್ತಿತ್ತು.

ಕಾನೂನಿನ ಕೊರತೆ ಇದಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಬಾಗಿಲಿನ ತೆರಪು 900 ಮಿಲಿಮೀಟರು, ಎಂದರೆ ಮೂರು ಅಡಿಗೆ ತುಸು ಕಡಿಮೆ, ಇರಬೇಕೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ತಿದ್ದಲು ಕೊಟ್ಟಿದ್ದ ಐದು ವರ್ಷಗಳ ಗಡುವು 2022ರ ಜೂನಿಗೆ ಮುಗಿಯಿತು. ಅಷ್ಟರೊಳಗೆ ನೀಲಗುಂದದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ತಾಲ್ಲೂಕಿಗೆ ತಾಲ್ಲೂಕೇ ಕದಲಿತು. ಕದ ಮಾತ್ರ ಕದಲಲಿಲ್ಲ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಮಟ್ಟಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ತೀರ್ಪಿತ್ತಿತು.

ಹೊರದೇಶದಲ್ಲಿಯೂ ಆರಂಭ ಹೀಗೆಯೇ ಇತ್ತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯವನ್ನು 1962ರಲ್ಲಿ ಸೇರಿದ ಎಡ್ ರಾಬರ್ಟ್ಸ್ ಪೋಲಿಯೋಪೀಡಿತ. ಅವನ ಉಸಿರಾಟದ ಯಂತ್ರಕ್ಕೆ ಒಗ್ಗುವ ಹಾಸ್ಟೆಲು ಕೋಣೆಯಿಲ್ಲದೆ, ಆವರಣದ ಆಸ್ಪತ್ರೆಯಲ್ಲಿ ಅವನಿಗೆ ವಾಸ. 1975ರಲ್ಲಿ ಅವನೇ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೆ ಮುಖ್ಯಸ್ಥನಾದ.

ನೀಲಗುಂದದ ಹುಡುಗಿಗೆ ಈ ತೀರ್ಪಿಗಿಂತ, ಈ ಚರಿತ್ರೆಗಿಂತ, ಒಂದು ಬೀರು ಹೆಚ್ಚಿನ ಪಾಠ ಕಲಿಸಿತು. ವಿಭಾಗಕ್ಕೆ ಹೊಸ ಉಕ್ಕಿನ ಬೀರು ಬಂದ ದಿನ ಎರಡೂ ಕದಗಳು ಹಾರುಹೊಡೆದಿದ್ದವು. ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇದ್ದವು. ಬೀರುವಿಗಾಗಿ ಯಾರೂ ಅರ್ಜಿ ಕೊಟ್ಟಿರಲಿಲ್ಲ. ಅಂದು ಅವಳು ಮೂರು ಬಾರಿ ಸುಮ್ಮನೆ ಒಳಗೆ ಹೋಗಿ ಹೊರಗೆ ಬಂದಳು.

ಆ ರಾತ್ರಿಯೇ ಮುಖ್ಯಸ್ಥರಿಗೆ ಪತ್ರ ಬರೆದಳು. ಅದರಲ್ಲಿ ಕಾನೂನಿನ ಮಾತು ಒಂದೇ ಸಾಲು. ಉಳಿದದ್ದು ಅಳತೆ: ಮೇಲಿನ ಚಿಲಕವನ್ನು ತೆಗೆದು, ಕುಳಿತವರ ಕೈಗೆ ಎಟಕುವಂತೆ ಹಿಡಿಯಿರುವ, ನೆಲಕ್ಕೆ ಇಳಿಯುವ ಉದ್ದ ಕಂಬಿಯ ಚಿಲಕವನ್ನು ಹಾಕಿಸಬೇಕು. ಪಕ್ಕದಲ್ಲಿ ಚಿತ್ರವನ್ನೂ ಬರೆದಿದ್ದಳು. ಮುಖ್ಯಸ್ಥರು ಓದಿ, ಎದ್ದುಹೋಗಿ, ತಾವು ಎಷ್ಟೋ ವರ್ಷಗಳಿಂದ ದಾಟುತ್ತಿದ್ದ ಬಾಗಿಲನ್ನು ಮೊದಲ ಬಾರಿಗೆ ನಿಂತು ನೋಡಿದರು. "ನೀನು ಮೊದಲೇ ಏಕಮ್ಮಾ ಹೇಳಲಿಲ್ಲ?" ಎಂದರು. ಈ ಪ್ರಶ್ನೆಗೆ ಅವಳಲ್ಲಿ ಉತ್ತರವಿತ್ತು, ಕೊಡಲಿಲ್ಲ.

ಬಡಗಿಗೆ ಅದು ಒಂದು ಗಂಟೆಯ ಕೆಲಸವಾಯಿತು.

ಮರುದಿನ ಅವಳು ಎಂದಿಗಿಂತ ಮುಂಚೆ ಬಂದಳು. ಜವಾನ ಬೀಗ ತೆಗೆದು ನೀರು ತರಲು ಹೋಗಿದ್ದ. ಬಲಗದವನ್ನು ತಳ್ಳಿ, ಕೈ ಒಳಕ್ಕೆ ಚಾಚಿ, ಕಂಬಿಯನ್ನು ಮೇಲಕ್ಕೆಳೆದಳು. ಹೊಸ ಚಿಲಕ ಸ್ವಲ್ಪ ಬಿಗಿಯಾಗಿತ್ತು; ಎರಡನೆಯ ಸಲಕ್ಕೆ ಬಂತು. ತರಗತಿಯಲ್ಲಿ ಇನ್ನೂ ಯಾರೂ ಇರಲಿಲ್ಲ. ಒಳಗೆ ಹೋಗಿ ಕಿಟಕಿಯ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿ, ಪುಸ್ತಕ ತೆರೆದಳು.