ಹಳೆಯ ಕಾರಿನ ಉಬ್ಬಸ

ಮೇಷ್ಟರ ಕಾರಿಗೆ ಉಬ್ಬಸ ಹತ್ತಿದುದು ೨೦೨೪ರ ಮಳೆಗಾಲ ಮುಗಿದ ಹೊಸತರಲ್ಲಿ, ಸುಂಟಿಕೊಪ್ಪದಾಚೆಯ ಏರಿನಲ್ಲಿ. ಮೊದಲು ಎಲ್ಲಿಯೋ ರೈಲು ಸಿಳ್ಳು ಹಾಕಿದಂತಾಯಿತು. ಕೊಡಗಿನಲ್ಲಿ ರೈಲೆಲ್ಲಿಂದ ಬರಬೇಕು! ಮರುಗಳಿಗೆಯಲ್ಲೇ ಗಾಡಿಯ ಕಸುವು ಉಡುಗಿತು. ಹಿಂದೆ ನೀಲಿ ಹೊಗೆ. ಮಡಿಕೇರಿಯಲ್ಲಿ ತೊಂಬತ್ತು ದಾಟಿದ ತಾಯಿಯನ್ನು ನೋಡಲು ಹೊರಟಿದ್ದ ಮಡದಿ, ತೊಡೆಯ ಮೇಲಿನ ತಿಂಡಿಯ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಅಂದು ಕಾರು ಮೈಸೂರಿಗೆ ಮರಳಿದುದು ಲಾರಿಯ ಬೆನ್ನೇರಿ.

ಕೆಟ್ಟಿದ್ದು ಟರ್ಬೊ. ಎಂಜಿನ್ ಹೊರಗೆಸೆಯುವ ಬಿಸಿಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಊಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ ೧೯೦೫ರಲ್ಲಿ ಪೇಟೆಂಟು ಕೋರಿದ ಉಪಾಯವಿದು. ಬಿಸಾಡುವ ಹೊಗೆಯಿಂದ ಊಳಿಗ ಮಾಡಿಸಿಕೊಳ್ಳುವ ಈ ಜಾಣತನ, ಜಿಪುಣರೆಂದು ಬೀದಿಯಲ್ಲೆಲ್ಲ ಹೆಸರಾದ ಮೇಷ್ಟರಿಗೆ ಬಹಳ ಹಿಡಿಸಿತ್ತು. ಆದರೆ ಆ ದಂಡ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ, ಅದೂ ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ. ಎಣ್ಣೆ ತಪ್ಪಿತೋ, ಅದರ ಆಯುಷ್ಯ ಮುಗಿಯಿತು.

ಹೊಸ ಟರ್ಬೊಗೆ ಅರವತ್ತು ಸಾವಿರ. ಬೆಂಗಳೂರಿನ ಜೆ. ಸಿ. ರಸ್ತೆಯಿಂದ ಒಳತಿರುಳನ್ನಷ್ಟೇ ತರಿಸಿ ಕೂಡಿಸಿದರೆ ಹದಿನಾಲ್ಕು. ಗುಜರಿಯದು ಎಂಟಕ್ಕೇ ಸಿಕ್ಕೀತು. ಕಾರನ್ನೇ ಮಾರಿದರೆ ಬರುವುದು ಒಂದೂವರೆ ಲಕ್ಷ. ಪುಣೆಯಲ್ಲಿದ್ದ ಮಗ ದೂರವಾಣಿಯಲ್ಲಿ ಲೆಕ್ಕ ಒಪ್ಪಿಸಿದ: ೨೦೧೨ರ ಗಾಡಿ, ೨೦೨೭ಕ್ಕೆ ಹದಿನೈದು ವರ್ಷ ತುಂಬುತ್ತದೆ, ತಪಾಸಣೆ ಮಾಡಿಸಿ ನೋಂದಣಿಯನ್ನು ನವೀಕರಿಸಬೇಕು, ಮಾರಿ ಟ್ಯಾಕ್ಸಿಯಲ್ಲಿ ಓಡಾಡಿ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಜ್ಜಿಯ ಹಾಸಿಗೆಯ ಬಳಿ ಮಗಳು ಎಷ್ಟು ಹೊತ್ತು ಕೂತಾಳೆಂದು ಟ್ಯಾಕ್ಸಿಯವನಿಗೆ ಮೊದಲೇ ಹೇಳುವುದು ಹೇಗೆಂಬುದು ಮಾತ್ರ ಅದರಲ್ಲಿ ಸೇರಿರಲಿಲ್ಲ. ಮಂಡಿನೋವಿನ ಆಕೆಗೆ ಬಸ್ಸಿನ ಮೆಟ್ಟಿಲಂತೂ ದೂರವೇ ಉಳಿಯಿತು.

ಗುಜರಿಯದೇ ಸಾಕೆಂದು ಮೇಷ್ಟರು ಮನಸ್ಸಿನಲ್ಲೇ ತೀರ್ಮಾನಿಸಿ ಮಿಸ್ತ್ರಿಯ ಬಳಿಗೆ ಹೋದರು. ಆತ ಮಾತನಾಡದೆ ಬೆರಳುಗಾತ್ರದ ಕೊಳವೆಯೊಂದನ್ನು ಮೇಜಿನ ಮೇಲೆ ತಟ್ಟಿದ. ಕಾಫಿಯ ಚರಟದಂತಹ ಕರಿ ಉದುರಿತು. ಟರ್ಬೊಗೆ ಎಣ್ಣೆ ಹೋಗುವ ದಾರಿ!

“ಎಣ್ಣೆ ಬದಲಾಯಿಸಿ ಎಷ್ಟು ದಿನವಾಯಿತು?”

ಮೇಷ್ಟರು ಕನ್ನಡಕ ಒರೆಸಿಕೊಂಡರು. ಹತ್ತು ಸಾವಿರ ಕಿಲೋಮೀಟರಿಗೆ ಬದಲಾಯಿಸಬೇಕಾದುದನ್ನು ಹದಿನೆಂಟಕ್ಕೆ ಎಳೆದಿದ್ದರು. ಉಳಿದ ಮೂರು ಸಾವಿರವನ್ನು ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು.

ಕೊಳವೆ ಹೀಗೇ ಇದ್ದರೆ ಅರವತ್ತು ಸಾವಿರದ್ದೂ ಬೇಗನೆ ಸುಡುತ್ತದೆ, ಎಂಟು ಸಾವಿರದ್ದೂ ಸುಡುತ್ತದೆ ಎಂದ ಮಿಸ್ತ್ರಿ. ಇನ್ನೊಂದನ್ನೂ ಹೇಳಿದ: ಒಡೆದ ಟರ್ಬೊ ಸೋರಿದ ಎಣ್ಣೆಯನ್ನೇ ಡೀಸೆಲ್ ಎಂಜಿನ್ ಕೆಲವೊಮ್ಮೆ ಉರಿಸಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ಹುಚ್ಚೆದ್ದು ಓಡುತ್ತದೆ. ಸುಂಟಿಕೊಪ್ಪದ ತಿರುವು, ಡಬ್ಬಿ ಹಿಡಿದ ಕೈ, ಎರಡೂ ಮೇಷ್ಟರ ಕಣ್ಣ ಮುಂದೆ ಬಂದವು.

ಗುಜರಿಯ ಮಾತು ಅಲ್ಲಿಗೇ ಬಿದ್ದುಹೋಯಿತು. ಹೊಸ ಒಳತಿರುಳು, ಹೊಸ ಕೊಳವೆಗಳು; ಎಂಜಿನ್ನಿನ ಎಣ್ಣೆತೊಟ್ಟಿಯನ್ನು ಬಿಚ್ಚಿ ತೊಳೆಯುವುದು; ಗಾಳಿಯ ಹಾದಿಯಲ್ಲಿ ನಿಂತ ಎಣ್ಣೆಯನ್ನು ತೆಗೆಯುವುದು; ಒಳ್ಳೆಯ ಎಣ್ಣೆ, ಸೋಸುಕ. ಹದಿನಾಲ್ಕು ಇಪ್ಪತ್ತಾರಾಯಿತು. ಅಗ್ಗವೆಂದು ಹೇಳುವಂತಿಲ್ಲ, ದುಬಾರಿಯೆಂದೂ ಅಲ್ಲ. ಮಗನಿಗೆ ಹದಿನಾಲ್ಕೆಂದೇ ತಿಳಿಸಲಾಯಿತು.

ಮುಂದಿನ ತಿಂಗಳು ಕಾರು ಏರನ್ನು ಹತ್ತಿತು. ಮಡಿಕೇರಿಯ ಮನೆಯ ಮುಂದೆ ನಿಂತಾಗ ಮೇಷ್ಟರು ಎಂಜಿನ್ ಆರಿಸಲಿಲ್ಲ. ಏರು ಹತ್ತಿ ಕಾದ ಟರ್ಬೊ ತಣಿಯಲು ಒಂದು ನಿಮಿಷ ಬಿಡಬೇಕೆಂದು ಮಿಸ್ತ್ರಿ ಕಟ್ಟಪ್ಪಣೆ ಮಾಡಿದ್ದ. ಕೈಗಡಿಯಾರ ನೋಡುತ್ತ ಕುಳಿತರು. ಮಡದಿ ಕಾಯಲಿಲ್ಲ. ಡಬ್ಬಿಯನ್ನೆತ್ತಿಕೊಂಡು, ಒಂದೊಂದೇ ಹೆಜ್ಜೆಯಿಡುತ್ತ, ಆಗಲೇ ಬಾಗಿಲನ್ನು ತಲುಪಿದ್ದರು.